ಲೊರೇನ್ ಹೇಳಿದ್ದಳಂತೆ

ಆ ಗುರುವಾರ ಬೆಳಿಗ್ಗೆ ಕ್ಲೆಮ್ ಜರೆಂಬಾ ತನ್ನ ಪಾಡಿಗೆ ಮೊಟ್ಟೆ ತಿಂದು ಎದ್ದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಜಗಳ ಬಿಡಿಸಲು ಹೋಗಿ ಒಂದು ಮಾತು ಆಡಿಬಿಟ್ಟ.

ಈರಿ ಸರೋವರದ ದಂಡೆಯ ಆ ಊರಿನಲ್ಲಿ, ಥಿಯೊನ ಹೋಟೆಲಿನೊಳಗೆ ಏಳು ಗಂಟೆಗೇ ಯುದ್ಧ ಶುರುವಾಗಿತ್ತು. ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಸ್ಟೋಕರ್ಸ್, ಹೊರೇಸ್ ಬೆಕ್‌ಫೋರ್ಡ್ ಎಂಬ ಹಳೆಯ ಹುಲಿಯನ್ನು ಹಿಂದಿನ ದಿನವಷ್ಟೇ ಬೇರೊಂದು ತಂಡದಿಂದ ಕರೆಸಿಕೊಂಡಿತ್ತು. ವಯಸ್ಸು ಮೂವತ್ತಾರು, ತೂಕ ಮುನ್ನೂರ ಇಪ್ಪತ್ತು ಪೌಂಡು. ಚೆಂಡು ಹಿಡಿಯುವುದು, ಚೆಂಡಿನೊಂದಿಗೆ ಓಡುವುದು ಯಾವುದೂ ಅವನ ಕೆಲಸವಲ್ಲ. ಚೆಂಡು ಎಸೆಯುವವನ ಮುಂದೆ ಗೋಡೆಯಂತೆ ನಿಂತು, ಅವನ ಮೇಲೆ ಬೀಳಲು ನುಗ್ಗಿ ಬರುವವರನ್ನು ತಡೆಯುವುದಷ್ಟೇ ಅವನ ಕೆಲಸ.

"ಗೋಡೆನಾ? ಬಿರುಕು ಬಿಟ್ಟ ಗೋಡೆ ಕಣಯ್ಯ ಅದು!" ಎಂದು ನಲ್ಲಿ ರಿಪೇರಿಯ ಬುಚ್ ಕರ್ಡಾನೊ ಮೇಜು ಗುದ್ದಿದ. "ಎರಡು ಮಂಡಿಗೂ ಆಪರೇಷನ್ ಆಗಿದೆ. ಅವನು ಬಗ್ಗಿದ್ರೆ ಗ್ಯಾಲರಿ ತನಕ ಲಟಲಟ ಅಂತ ಕೇಳ್ಸುತ್ತೆ."

"ನಿನ್ನ ಮಂಡೀನೂ ಲಟಲಟ ಅನ್ನುತ್ತಲ್ಲೋ," ಎಂದ ನಿವೃತ್ತ ಅಂಚೆಯವ ಅರ್ಲಿಸ್. "ಆದ್ರೂ ಜನ ನಿನ್ನ ಕೆಲಸಕ್ಕೆ ಕರೆಯಲ್ವಾ?"

"ನಲ್ಲಿ ಎದ್ದು ನನ್ನ ಮೇಲೆ ಓಡಿ ಬರಲ್ಲ!"

ಕ್ಲೆಮ್ ಮೂಲೆಯ ಮೇಜಿನಲ್ಲಿದ್ದ. ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಕಿವಿ ಸೂಕ್ಷ್ಮ, ಫುಟ್‌ಬಾಲ್ ಜ್ಞಾನ ಮಾತ್ರ ಶೂನ್ಯ. ಮೂವತ್ತೆಂಟು ವರ್ಷ, ಆಟವಿದ್ದ ಪ್ರತಿ ಭಾನುವಾರವೂ ಹೆಂಡತಿ ಲೊರೇನ್ ಪಕ್ಕದಲ್ಲಿ ಸೋಫಾದ ಮೇಲೆ ಕೂತಿದ್ದ. ಅವಳು ಟಿವಿಗೆ ಬಯ್ಯುತ್ತಿದ್ದಳು, ಅವನು ಅವಳಿಗೆ ಕಡಲೆಕಾಯಿ ಸುಲಿದು ಕೊಡುತ್ತಿದ್ದ. ಆಟದಲ್ಲಿ ಯಾವ ಅನುಮಾನ ಬಂದರೂ ಇಡೀ ಬೀದಿ ಬಂದು ನಿಲ್ಲುತ್ತಿದ್ದದ್ದು ಲೊರೇನಳ ಬಾಗಿಲಲ್ಲಿ.

ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಆಮೇಲೆ ಜನ ಕ್ಲೆಮ್‌ನನ್ನು ಗಾಜಿನ ಲೋಟದಂತೆ ನೋಡಿಕೊಳ್ಳತೊಡಗಿದರು. ಅವನು ಒಳಗೆ ಬಂದರೆ ಮಾತು ತಟ್ಟನೆ ಹವಾಮಾನಕ್ಕೆ ಹೊರಳುತ್ತಿತ್ತು. ಅವಳ ಹೆಸರೆತ್ತಿದರೆ ಅವನಿಗೆ ನೋವಾದೀತು ಎಂಬ ಒಳ್ಳೆಯತನದಿಂದ ಆರು ತಿಂಗಳು ಯಾರೂ ಅವನೆದುರು ಆ ಹೆಸರು ಎತ್ತಿರಲಿಲ್ಲ.

ಅಷ್ಟರಲ್ಲಿ ಬುಚ್ ಅರ್ಲಿಸ್‌ನ ಕೊರಳಪಟ್ಟಿಗೆ ಕೈ ಹಾಕಿದ. ಅರ್ಲಿಸ್ ಸಾಸ್ ಬಾಟಲಿ ಎತ್ತಿದ. ಕ್ಲೆಮ್ ಗಾಬರಿಯಾಗಿ ಎದ್ದು ನಿಂತು ಅಂದ:

"ಲೊರೇನ್‌ಗೆ ಬೆಕ್‌ಫೋರ್ಡ್ ಅಂದ್ರೆ ತುಂಬಾ ಇಷ್ಟ ಇತ್ತು."

ಕಾಫಿ ಬಗ್ಗಿಸುತ್ತಿದ್ದ ಪರಿಚಾರಕಿ ಫ್ರಾನಳ ಕೈ ಗಾಳಿಯಲ್ಲೇ ನಿಂತಿತು. ಬುಚ್ ಪಟ್ಟಿ ಬಿಟ್ಟ.

"ಏನಂದೆ?"

"ಅವನನ್ನ ತಂದ್ರೆ ನಾವು ಗೆಲ್ತೀವಿ ಅಂತಿದ್ಲು. ಕೊನೇ ವಾರದಲ್ಲೂ ಹೇಳಿದ್ಲು."

ಬೆಕ್‌ಫೋರ್ಡ್ ಎಂಬ ಹೆಸರನ್ನು ಕ್ಲೆಮ್ ಕೇಳಿ ಸರಿಯಾಗಿ ಹತ್ತು ನಿಮಿಷವಾಗಿತ್ತು.

ಬುಚ್ ಟೋಪಿ ತೆಗೆದು ಮೆಲ್ಲಗೆ ಕೂತ. "ಲೊರೇನ್ ಹೇಳಿದ್ಲಾ? ಹಾಗಾದ್ರೆ ನಾನೇನು ಮಾತಾಡ್ಲಿ. ಗೊತ್ತಾ, ಒಂದ್ಸಲ ನಾನು ಅವಳ ಜೊತೆ ವಾದ ಹಾಕಿದ್ದಕ್ಕೆ ಚಪ್ಪಲಿ ಎಸೆದಿದ್ಲು. ಗುರೀನೂ ತಪ್ಪಿರಲಿಲ್ಲ."

"ನನಗೆ ಪ್ರತಿ ಸೋಮವಾರ ಅಂಚೆ ಪೆಟ್ಟಿಗೆ ಹತ್ರ ನಿಲ್ಸಿ ಪಾಠ ಮಾಡೋಳು," ಎಂದ ಅರ್ಲಿಸ್. "ಅವತ್ತು ಇಡೀ ಊರಿಗೆ ಕಾಗದ ತಡ."

ಕಟ್ಟೆ ಒಡೆದಂತಾಯಿತು. ಒಬ್ಬೊಬ್ಬರದೂ ಒಂದೊಂದು ಲೊರೇನ್ ಕತೆ. ಫ್ರಾನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮಾತು ಎಲ್ಲಿ ತಣ್ಣಗಾಗುವುದೋ ಎಂದು ಹೆದರಿ ಕ್ಲೆಮ್ ಇನ್ನೊಂದು ಸೇರಿಸಿದ: "ಅವನ ಎಡಗಾಲು ನೋಡಬೇಕು ಅಂತಿದ್ಲು." ಆಮೇಲೆ ಮತ್ತೊಂದು. ಪ್ರತಿ ಸುಳ್ಳಿಗೂ ಒಂದು ನಿಜವಾದ ಕತೆ ಸಿಗುತ್ತಿತ್ತು. ಅರ್ಧ ಗಂಟೆಯ ಹೊತ್ತು ಲೊರೇನ್ ಆ ಹೋಟೆಲಿನಲ್ಲಿ ಓಡಾಡಿದಂತಿತ್ತು. ಮೊಟ್ಟೆ ತಣ್ಣಗಾದದ್ದು ಅವನಿಗೆ ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಅವನು ಚರ್ಚಿನ ಪಿಯಾನೊದೊಳಗೆ ತಲೆ ತೂರಿಸಿದ್ದಾಗ ಪಾದ್ರಿಗಳು ಓಡುತ್ತಾ ಬಂದರು. "ಕ್ಲೆಮ್, ರೇಡಿಯೋದಲ್ಲಿ ಬಂತಪ್ಪಾ! ಬೆಕ್‌ಫೋರ್ಡ್ ಬರಬೇಕು ಅನ್ನೋದು ಲೊರೇನಳ ಕೊನೇ ಆಸೆಯಂತೆ. ನನಗೆ ಒಂದು ಮಾತೂ ಹೇಳಲಿಲ್ವಲ್ಲ ಅವಳು!"

ಬುಚ್‌ನ ಸೋದರ ಸೊಸೆ ರೇಡಿಯೋದಲ್ಲಿ ಕೆಲಸಕ್ಕಿದ್ದಳು. ಮಾತು ಹೋಟೆಲಿನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಕೊನೇ ಆಸೆಯಾಗಿತ್ತು. ಕ್ಲೆಮ್ ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ವಿಲ್ಮಾ ಅವನ ಜಗಲಿಗೆ ಒಂದು ಮಂಚದ ಹಾಸು ಕಟ್ಟಿದ್ದಳು. ಅದರ ಮೇಲೆ ಕೆಂಪು ಬಣ್ಣದಲ್ಲಿ, "ಹೊರೇಸ್, ಲೊರೇನ್‌ಗೋಸ್ಕರ ಆಡು!"

"ವಿಲ್ಮಾ, ದಯವಿಟ್ಟು ಇದನ್ನ ತೆಗೀರಿ."

"ಸಂಕೋಚ ಯಾಕೆ ಮಾಡ್ಕೋತೀರಿ? ಹಾಸು ಹಳೇದೇ."

ಒಂದು ಗಂಟೆಗೆ ತಂಡದ ಕಚೇರಿಯಿಂದ ಫೋನ್ ಬಂತು. ಬೆಕ್‌ಫೋರ್ಡ್‌ಗೆ ವಿಷಯ ತಿಳಿಯಿತಂತೆ, ಸಂಜೆ ನಾಲ್ಕಕ್ಕೆ ತಾನೇ ಥಿಯೊನ ಹೋಟೆಲಿಗೆ ಬರುತ್ತಾನಂತೆ, ಜೊತೆಗೆ ಕ್ಯಾಮೆರಾದವರೂ. ಕ್ಲೆಮ್ ಜ್ವರವೆಂದು ಹೇಳಿ ಹೊದ್ದು ಮಲಗಿದ. ವಿಲ್ಮಾ ಕೋಳಿ ಸಾರನ್ನೂ ಥರ್ಮಾಮೀಟರನ್ನೂ ಹಿಡಿದು ಬಂದಳು. ಜ್ವರ ಇರಲಿಲ್ಲ, ಸಾರು ಕುಡಿಯಬೇಕಾಯಿತು. ಮೂರೂವರೆಗೆ ಫ್ರಾನ್ ಕಾರು ತಂದು, ಶಾಲೆಗೆ ಹೋಗಲೊಲ್ಲದ ಮಗುವನ್ನು ಎಳೆದೊಯ್ಯುವಂತೆ ಕರೆದುಕೊಂಡು ಹೋದಳು.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಕ್‌ಫೋರ್ಡ್ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬಂದ. ದನಿ ಮಾತ್ರ ಅಷ್ಟು ದೊಡ್ಡ ದೇಹದ್ದಲ್ಲವೇನೋ ಎಂಬಷ್ಟು ಮೃದು. ಕ್ಲೆಮ್‌ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಮ್ಮ ಹೆಂಡತಿ ವಿಷಯ ಕೇಳಿ ಬೇಜಾರಾಯ್ತು ಸರ್. ಅವರ ಪೂರ್ತಿ ಹೆಸರು?"

"ಲೊರೇನ್ ಜರೆಂಬಾ."

ಬೆಕ್‌ಫೋರ್ಡ್ ಹುಬ್ಬೇರಿಸಿದ. "ಜರೆಂಬಾ? ಮಿಲ್ ಬೀದಿ?"

"ಹೌದು."

ಅವನು ಗಹಗಹಿಸಿ ನಕ್ಕುಬಿಟ್ಟ. "ಅಯ್ಯೋ ದೇವರೇ! ಹನ್ನೊಂದು ವರ್ಷದಿಂದ ನನಗೆ ಕಾಗದ ಬರೀತಿದ್ರು ಸರ್ ಅವರು! ನಮ್ಮ ಹಳೇ ತಂಡ ಇಲ್ಲಿ ಗೆದ್ದಾಗಲೆಲ್ಲ ಒಂದೊಂದು. 'ಎಲೋ ಎಮ್ಮೆ' ಅಂತಲೇ ಶುರು. ನೀನು ಅಂಗಿ ಹಿಡಿದು ಎಳೀತೀಯ, ಅಂಪೈರ್ ಕುರುಡ, ಮೇಲೆ ಕೂತಿರೋನು ಕುರುಡಲ್ಲ, ಅಂತ. ಕೊನೇದು ಜನವರೀಲಿ ಬಂತು. ನೀನೇನಾದ್ರೂ ನಮ್ಮ ತಂಡಕ್ಕೆ ಬಂದ್ರೆ ನಾನು ಟಿವಿ ಮಾರಿಬಿಡ್ತೀನಿ ಅಂತ..."

ಅಲ್ಲಿಗೆ ಅವನು ಕ್ಲೆಮ್‌ನ ಮುಖ ನೋಡಿದ. ನಗು ಅರ್ಧಕ್ಕೇ ನಿಂತಿತು.

ಬುಚ್ ನಿಧಾನಕ್ಕೆ ಎದ್ದ. "ಸುಳ್ಳು ಹೇಳಿದ್ಯಾ ಕ್ಲೆಮ್? ಸತ್ತವಳ ಹೆಸರಲ್ಲಿ?"

"ಹೌದು."

"ಯಾಕೋ?"

ಕ್ಲೆಮ್ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ. "ಮೊದಲು ನಿಮ್ಮ ಜಗಳ ಬಿಡಿಸೋಕೆ. ಆಮೇಲೆ... ಆರು ತಿಂಗಳಾಯ್ತು, ನನ್ನೆದುರು ಯಾರೂ ಅವಳ ಹೆಸರು ಹೇಳಲ್ಲ. ನಾನು ಬಂದ್ರೆ ಮಳೆ ಬರುತ್ತಾ ಅಂತ ಮಾತಾಡ್ತೀರಿ. ಮನೇಲಿ ನಾನೊಬ್ಬನೇ ಹೇಳ್ಕೋಬೇಕು. ಬೆಳಿಗ್ಗೆ ನೀವೆಲ್ಲ ಅವಳ ಮಾತು ಆಡಿದ್ರಲ್ಲ, ಕೇಳ್ತಾ ಇರೋಣ ಅನ್ನಿಸ್ತು. ನಿಲ್ಸೋಕೆ ಆಗ್ಲಿಲ್ಲ ಬುಚ್."

ಬುಚ್ ಟೋಪಿಯಿಂದ ಕಣ್ಣೊರೆಸಿಕೊಂಡ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಫ್ರಾನ್ ಗೋಡೆಯ ಕಡೆ ತಿರುಗಿ ನಿಂತಳು.

ಕ್ಲೆಮ್ ಬೆಕ್‌ಫೋರ್ಡ್‌ನ ಹತ್ತಿರ ಹೋಗಿ ಇನ್ನೂ ತಗ್ಗಿದ ದನಿಯಲ್ಲಿ ಕೇಳಿದ: "ಆ ಜನವರಿ ಕಾಗದ. ಆಸ್ಪತ್ರೆಯಿಂದ ಬರೆದದ್ದಿರಬೇಕು. ಅಂಚೆಗೆ ಹಾಕು ಅಂತ ಕೊಟ್ಟಿದ್ಲು, ಯಾರಿಗೆ ಅಂತ ನಾನು ನೋಡಲೂ ಇಲ್ಲ. ಅದರಲ್ಲಿ ನನ್ನ ವಿಷಯ ಏನಾದ್ರೂ ಬರೆದಿದ್ಲಾ?"

ಬೆಕ್‌ಫೋರ್ಡ್ ಕಾಫಿ ಕಪ್ಪನ್ನು ನೋಡಿದ, ಕಿಟಕಿ ನೋಡಿದ. ಅವನ ದಪ್ಪ ಕುತ್ತಿಗೆ ಕೆಂಪೇರಿತು.

"ಬರೆದಿದ್ರು ಸರ್," ಎಂದ, ಎಲ್ಲರಿಗೂ ಕೇಳುವಂತೆ. "ತುಂಬಾನೇ ಬರೆದಿದ್ರು. ಈ ಆಟದ ಬಗ್ಗೆ ನನಗೆ ಗೊತ್ತಿರೋದೆಲ್ಲ ನನ್ನ ಗಂಡ ಕಲಿಸಿದ್ದು ಅಂತ."

ಕ್ಲೆಮ್ ಒಂದು ಗಳಿಗೆ ಅವನನ್ನೇ ನೋಡಿದ. ಒಂದು ಸ್ವರ ಕೂದಲೆಳೆಯಷ್ಟು ತಪ್ಪಿದರೂ ಆ ಕಿವಿಗೆ ಗೊತ್ತಾಗುತ್ತಿತ್ತು. ಆ ಕಾಗದದಲ್ಲಿ ತನ್ನ ಬಗ್ಗೆ ಒಂದಕ್ಷರವೂ ಇಲ್ಲ ಎಂಬುದೂ ಹಾಗೆಯೇ ಗೊತ್ತಾಯಿತು. ಅಲ್ಲ ಎಂದರೆ ಈ ಒಳ್ಳೆಯ ಮನುಷ್ಯನಿಗೆ ಇಷ್ಟು ಜನರ ನಡುವೆ ಅವಮಾನ.

"ಹೌದು," ಎಂದ ಕ್ಲೆಮ್. "ನಾನೇ ಕಲಿಸಿದ್ದು."

"ಭಲೇ ಕಳ್ಳ!" ಬುಚ್ ಅವನ ಬೆನ್ನಿಗೆ ಬಾರಿಸಿದ. ಕಣ್ಣು ಇನ್ನೂ ಒದ್ದೆಯಾಗಿತ್ತು. "ಇಷ್ಟು ವರ್ಷ ಕಡಲೆಕಾಯಿ ಸುಲೀತಾ ಕೂತು ನಮಗೆಲ್ಲ ಟೋಪಿ ಹಾಕಿದ್ಯಲ್ಲೋ!"

ಅರ್ಲಿಸ್ ಕುರ್ಚಿ ಎಳೆದು ಕೂರಿಸಿದ. ವಿಲ್ಮಾ ಮುಂದಿನ ಸಾಲಿಗೆ ಬಂದಳು. ಕ್ಯಾಮೆರಾ ಮತ್ತೆ ಮೇಲೇರಿತು.

"ಹಾಗಾದ್ರೆ ನೀನೇ ಹೇಳಪ್ಪ ಗುರುವೇ," ಎಂದ ಬುಚ್, ಎದುರಿಗೆ ಕೂತು. "ಇವನನ್ನ ಎಡಗಡೆ ನಿಲ್ಲಿಸ್ಬೇಕೋ, ಬಲಗಡೆ ನಿಲ್ಲಿಸ್ಬೇಕೋ? ಮತ್ತೆ ಯಾಕೆ?"

ಇಡೀ ಹೋಟೆಲು ಮುಂದಕ್ಕೆ ಬಾಗಿತು. ಬೆಕ್‌ಫೋರ್ಡ್ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡತೊಡಗಿದ. ಕ್ಲೆಮ್ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. "ಏನೇ..." ಎಂದು ಕೇಳಲು ಬಾಯಿ ತೆರೆದವನು, ಹಾಗೇ ಮುಚ್ಚಿಕೊಂಡ.