ಸನತ್‌ಕುಮಾರರ ಗಂಟಲಪಟ್ಟಿ

ಈ ರಾದ್ಧಾಂತಕ್ಕೆಲ್ಲ ಮೂಲ ಎರಡು ಬೆರಳಗಲದ ಒಂದು ಕಪ್ಪು ಪಟ್ಟಿ. ಅನಂತ ಚತುರ್ದಶಿಯ ಬೆಳಿಗ್ಗೆ ಮೂಡುಬಿದಿರೆಯ ಪಾತ್ರೆ ಅಂಗಡಿಯ ಸನತ್‌ಕುಮಾರರು ಸ್ನಾನ ಮುಗಿಸಿ, ಬಸದಿಗೆ ಹೋಗಿ ಬಂದು, ಇನ್ನು ಮೆಲ್ಕಾರಿಗೆ ಹೊರಡುವುದೊಂದೇ ಬಾಕಿ ಎಂದು ಪಂಚೆ ಸರಿಮಾಡಿಕೊಳ್ಳುತ್ತಿದ್ದಾಗ, ಹೆಂಡತಿಯ ಅಣ್ಣನ ಮಗಳು ಅನಿಷಾ ಆ ಪಟ್ಟಿ ಹಿಡಿದುಕೊಂಡು ಎದುರು ಬಂದು ನಿಂತಳು.

"ಮಾವ, ಸ್ವಲ್ಪ ಕುತ್ತಿಗೆ ಎತ್ತಿ."

ಸನತ್‌ಕುಮಾರರು ಎತ್ತಿದರು; ಎರಡು ದಿನದ ಹಿಂದೆ ಬರೀ ಅಳತೆಗೆಂದು ಕೇಳಿದಾಗಲೂ ಹೀಗೆಯೇ ಎತ್ತಿದ್ದರು. ಹೆಂಡತಿಯ ಕಡೆಯವರು ಹೇಳಿದ್ದನ್ನು ಮೊದಲು ಮಾಡಿ, ಯಾಕೆಂದು ಆಮೇಲೆ ಕೇಳುವುದು ಅವರ ರೂಢಿ. ಕೇಳುವಷ್ಟರಲ್ಲಿ ಪಟ್ಟಿ ಕೊರಳಿಗೆ ಅಂಟಿಕೊಂಡು ಕೂತಾಗಿತ್ತು.

ಅನಿಷಾ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ಅವಳ ಅಜ್ಜನಿಗೆ ಪಾರ್ಶ್ವವಾಯು ಬಡಿದ ಮೇಲೆ ಕುಡಿದ ಗಂಜಿಯೆಲ್ಲ ನೆತ್ತಿಗೆ ಹತ್ತುತ್ತಿತ್ತು. ಮನೆಯವರು ಪ್ರತಿ ತುತ್ತಿಗೂ ಜೀವ ಕೈಯಲ್ಲಿ ಹಿಡಿದು ಕೂತಿರುವುದನ್ನು ನೋಡಿ ನೋಡಿ ಅವಳು ಈ ಪಟ್ಟಿ ಮಾಡಲು ಹೊರಟಿದ್ದಳು. ಗಂಟಲಿನ, ದವಡೆಯ ಸ್ನಾಯು ಅಲುಗಿದಾಗ ಹುಟ್ಟುವ ಇಷ್ಟೇ ಇಷ್ಟು ವಿದ್ಯುತ್ತನ್ನು ಪಟ್ಟಿಯೊಳಗಿನ ಬಿಲ್ಲೆಗಳು ಹಿಡಿಯುತ್ತವೆ. ಜೇಬಿನಲ್ಲಿರುವ ಮೊಬೈಲು ಅದನ್ನು ಓದಿ, ರೋಗಿ ಊಟ ಶುರು ಮಾಡಿದನೆಂದೋ ಗಬಗಬ ನುಂಗುತ್ತಿದ್ದಾನೆಂದೋ ಮನೆಯವರ ಮೊಬೈಲಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಸಾಲದ್ದಕ್ಕೆ ರೋಗಿಗೂ ಗಟ್ಟಿಯಾಗಿ ಬುದ್ಧಿ ಹೇಳುತ್ತದೆ.

"ಇದಕ್ಕೆ ಖಾಲಿ ಗಂಟಲು ಅಂದ್ರೆ ಹೇಗಿರ್ತದೆ ಅಂತ ಕಲಿಸ್ಬೇಕು ಮಾವ," ಎಂದಳು ಅನಿಷಾ. "ಇಡೀ ದಿನ ಹನಿ ನೀರು ಸಹ ಮುಟ್ಟದವರು ಬೇಕು. ನಿಮ್ಮಷ್ಟು ಕಟ್ಟುನಿಟ್ಟಿನ ಉಪವಾಸದವರು ಬೇರೆ ಯಾರುಂಟು ಹೇಳಿ."

ಸನತ್‌ಕುಮಾರರ ಬೆರಳು ಆಗಲೇ ಪಟ್ಟಿಯ ಅಂಚು ತಡಕಾಡತೊಡಗಿತು. ಯಾಕೆಂದು ಇಲ್ಲಿ ಹೇಳಿಬಿಡುವುದೇ ಒಳ್ಳೆಯದು. ಹೆಂಡತಿ ಪದ್ಮಲತಾ ಅವರ ಒತ್ತಾಯಕ್ಕೆ ಅವರು ಹದಿನಾಲ್ಕು ವರ್ಷದ ವ್ರತ, ಅಂದರೆ ನೋಂಪಿ, ಹಿಡಿದಿದ್ದರು. ಪ್ರತಿ ವರ್ಷ ದಶಲಕ್ಷಣ ಪರ್ವದ ಒಂಬತ್ತು ದಿನ ಒಪ್ಪೊತ್ತಿನ ಊಟ, ಹತ್ತನೆಯ ದಿನ ಚತುರ್ದಶಿಗೆ ನೀರೂ ಇಲ್ಲದ ಉಪವಾಸ. ಹದಿಮೂರು ವರ್ಷ ಮುಗಿದು ಇದು ಕೊನೆಯದು. ಸಂಜೆ ಬಸದಿಯಲ್ಲಿ ನೋಂಪಿ ಮುಗಿಸುವ ಉದ್ಯಾಪನೆಯ ಪೂಜೆ, ಶಾಲು, ಹಾರ ಎಲ್ಲ ತಯಾರಾಗಿತ್ತು. ಆದರೆ ಸನತ್‌ಕುಮಾರರ ಹೊಟ್ಟೆ ಮಾತ್ರ ಈ ಹದಿಮೂರು ವರ್ಷದಲ್ಲಿ ಒಂದು ದಿನವೂ ಉಪವಾಸವಿದ್ದದ್ದಿಲ್ಲ. ಚತುರ್ದಶಿ ಬಂದ ಕೂಡಲೇ ಅವರಿಗೆ ಮೆಲ್ಕಾರಿನಲ್ಲಿ ವ್ಯಾಪಾರ ಬರುತ್ತಿತ್ತು. ಅಲ್ಲಿ ಹಳೆಯ ಗೆಳೆಯ ಸಂಕಪ್ಪ ಶೆಟ್ಟರ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಅಕ್ಕಿಮೂಟೆಗಳ ಮರೆಯಲ್ಲಿ ಬಾಳೆಲೆ ಹಾಸಿರುತ್ತಿತ್ತು.

"ಈ ಸಲ ಮೆಲ್ಕಾರಿಗೆ ಹೋಗುದು ಬೇಡ ಅಂತ ಕಾಣ್ತದೆ," ಎಂದರು ಸನತ್‌ಕುಮಾರರು ಮೆಲ್ಲಗೆ.

ಪದ್ಮಲತಾ ಒಳಗಿನಿಂದ ಬಂದರು. "ಯಾಕೆ? ಹದಿಮೂರು ವರ್ಷ ಬಿಡದೆ ಹೋದದ್ದಲ್ವಾ? ನೀರಿಲ್ಲದೆ ಎರಡೆರಡು ಬಸ್ಸು ಹತ್ತಿ ಇಳಿದು ಬಂದ್ರೂ ನಿಮ್ಮ ಮುಖದಲ್ಲಿ ಒಂದು ಕಳೆ ಇರ್ತಿತ್ತು. ಮಹಿಳಾ ಸಮಾಜದವರಿಗೆಲ್ಲ ನಾನು ಅದನ್ನೇ ಹೇಳಿದ್ದೇನೆ. ಇವತ್ತೇನು, ಉಪವಾಸ ಆಗುದಿಲ್ವಾ ನಿಮಗೆ?"

"ಆಗದೆ ಏನು," ಎಂದು ಸನತ್‌ಕುಮಾರರು ಚಪ್ಪಲಿ ಹುಡುಕತೊಡಗಿದರು.

"ಹಾಂ, ಮತ್ತೊಂದು," ಎಂದರು ಪದ್ಮಲತಾ. "ಈ ಪಟ್ಟಿಯ ಸುದ್ದಿ ಮನೆಯವರ ಮೊಬೈಲಿಗೆ ಮಾತ್ರ ಬರುದಂತೆ. ನಾಲ್ಕು ಜನಕ್ಕೆ ಮಾದರಿ ಆಗ್ಲಿ ಅಂತ ಸಮಾಜದವರನ್ನೆಲ್ಲ ಗುಂಪಿಗೆ ಸೇರಿಸಿದ್ದೇನೆ. ಸಮ್ಮೇದ್ ಮಾಸ್ಟ್ರನ್ನು ಸಹ."

ನಿವೃತ್ತ ಹೆಡ್‌ಮಾಸ್ಟರ್ ಸಮ್ಮೇದರು ಪಕ್ಕದ ಮನೆಯವರು. ಉತ್ತರ ಸರಿಯಿದ್ದರೂ ಲೆಕ್ಕ ಮಾಡಿ ತೋರಿಸು ಎನ್ನುವ ಜಾತಿ.

ಬಸ್ಸಿನಲ್ಲಿ ಕೂತು ಸನತ್‌ಕುಮಾರರು ನಿಶ್ಚಯ ಮಾಡಿದರು: ಆದದ್ದಾಗಲಿ, ಇವತ್ತೊಂದು ದಿನ ನಿಜವಾಗಿ ಉಪವಾಸ ಮಾಡಿಬಿಡುವುದು. ನಾಳೆಯಿಂದ ನೋಂಪಿಯ ಕಾಟವೇ ಇಲ್ಲ. ಆಮೇಲೆ ಹಗಲು ಹೊತ್ತಿನಲ್ಲಿ, ಬೀದಿಯ ಎದುರೇ ಕೂತು ಗೋಳಿಬಜೆ ತಿಂದರೂ ಕೇಳುವವರಿಲ್ಲ.

ಹಾಗೆ ಗೋಳಿಬಜೆಯ ನೆನಪಾದದ್ದೇ ತಪ್ಪಾಯಿತು. ಬಾಯಲ್ಲಿ ನೀರೂರಿತು. ಊರಿದ್ದನ್ನು ನುಂಗಿದರು. ಮತ್ತೆ ಊರಿತು. ಸಿದ್ಧಕಟ್ಟೆಯಲ್ಲಿ ಹತ್ತಿದ ಸೇಸಮ್ಮ ಎಂಬ ಮುದುಕಿ ಪಕ್ಕದಲ್ಲಿ ಕೂತು ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕೆಸುವಿನೆಲೆಯ ಬಿಸಿಬಿಸಿ ಪತ್ರೊಡೆ. ಸನತ್‌ಕುಮಾರರ ಗಂಟಲು ಗುಳುಗುಳು ಎಂದಿತು. ಆ ಕೂಡಲೇ ಅವರ ಜೇಬಿನಿಂದ ಒಂದು ಹೆಂಗಸಿನ ಸ್ವರ, ಆಕಾಶವಾಣಿಯ ವಾರ್ತೆ ಓದುವವರ ಹಾಗೆ, ಇಡೀ ಬಸ್ಸಿಗೆ ಕೇಳುವಂತೆ ಹೇಳಿತು: "ನಿಧಾನವಾಗಿ ನುಂಗಿ. ಸಣ್ಣ ತುತ್ತು ತೆಗೆದುಕೊಳ್ಳಿ. ಗಾಬರಿ ಬೇಡ."

ಬಸ್ಸಿಡೀ ತಿರುಗಿ ನೋಡಿತು. ಕಂಡಕ್ಟರ್ ಅಬ್ದುಲ್ ಮಜೀದ್ ಹತ್ತಿರ ಬಂದು, "ತಿನ್ನಿ, ತಿನ್ನಿ, ತೊಂದರೆ ಇಲ್ಲ. ಕಸ ಮಾತ್ರ ಸೀಟಿನ ಅಡಿಗೆ ಹಾಕ್ಬೇಡಿ," ಎಂದು ಸಮಾಧಾನ ಹೇಳಿದ.

"ನಾನು ಏನೂ ತಿನ್ನುದಿಲ್ಲ ಮಾರಾಯ."

"ಪಾಪ, ನುಂಗ್ಲಿಕ್ಕೆ ಆಗುದಿಲ್ಲ ಅಂತ ಕಾಣ್ತದೆ," ಎಂದಳು ಸೇಸಮ್ಮ, ಅವರ ಕೊರಳ ಪಟ್ಟಿ ನೋಡಿ. "ನನ್ನ ಭಾವನಿಗೂ ಹೀಗೆಯೇ ಆಗಿತ್ತು. ಇದು ಮೆತ್ತಗೆ ಉಂಟು, ಒಂದು ತುಂಡು ಬಾಯಲ್ಲಿಟ್ಟು ನೋಡಿ ಮಗಾ." ಪತ್ರೊಡೆಯ ತುಂಡು ಮೂಗಿನ ಕೆಳಗೇ ಬಂತು. ಸನತ್‌ಕುಮಾರರು ಎರಡೂ ಕೈ ಜೋಡಿಸಿ ಮುಖ ಕಿಟಕಿಯ ಕಡೆ ತಿರುಗಿಸಿದರು. ಅವಳು ಬಂಟ್ವಾಳದವರೆಗೂ ಬಿಡದೆ ಕರುಣೆ ತೋರಿಸಿದಳು. ಜೇಬಿನ ಹೆಂಗಸೂ ಬಿಡಲಿಲ್ಲ.

ಇಳಿದು ಮೊಬೈಲು ನೋಡಿದರೆ ಗುಂಪಿನಲ್ಲಿ ಸಮ್ಮೇದ್ ಮಾಸ್ಟ್ರ ಪ್ರಶ್ನೆ ಬಂದಿತ್ತು: "ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಏನು ನುಂಗಿದಿರಿ? ತಿಳಿಸುವುದು."

ಹೋಟೆಲಿನ ಒಳಗೆ ಕಾಲಿಡುವುದೇ ಇಲ್ಲ, ಮೆಲ್ಕಾರಿನ ಬಸ್ ತಂಗುದಾಣದಲ್ಲಿ ಸ್ವಲ್ಪ ಹೊತ್ತು ಕೂತು ವಾಪಸು ಹೋಗುವುದು ಎಂದುಕೊಂಡಿದ್ದರು. ಆದರೆ ವರ್ಷಕ್ಕೊಮ್ಮೆ ಬರುವ ಗೆಳೆಯನನ್ನು ಕಾದು ನಿಂತ ಸಂಕಪ್ಪ ಶೆಟ್ಟರು ರಸ್ತೆಯ ಆಚೆಯಿಂದಲೇ ಕಂಡು, ಕೈ ಹಿಡಿದು ಎಳೆದುಕೊಂಡೇ ಹೋದರು.

"ಬನ್ನಿ ಸನತಣ್ಣ, ಕೊನೇ ವರ್ಷ ಅಲ್ವಾ, ನಾನೇ ಒಲೆ ಎದುರು ನಿಂತು ಮಾಡಿಸಿದ್ದು. ಎಲೆಯಲ್ಲಿ ಬೇಯಿಸಿದ ಮೂಡೆ ಉಂಟು, ಹೆಸರುಕಾಳಿನ ಗಸಿ ಉಂಟು, ಗೋಳಿಬಜೆ ಈಗ ಎಣ್ಣೆಯಿಂದ ತೆಗೆದದ್ದು. ಪಾಯಸ ಎರಡು ಬಗೆ. ನೀರುಳ್ಳಿ ಒಂದು ಚೂರು ಹಾಕ್ಲಿಲ್ಲ, ನಿಮಗೆ ಪಾಪ ಬರುವುದು ಬೇಡ."

ಸನತ್‌ಕುಮಾರರು ಕೊರಳು ತೋರಿಸಿ, ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದರು.

"ತೆಗೆದು ಇಲ್ಲಿಡಿ ಮತ್ತೆ," ಎಂದರು ಶೆಟ್ಟರು.

"ತೆಗೆದ್ರೆ ತೆಗೆದ ಸುದ್ದಿಯೂ ಹೋಗ್ತದೆ."

"ಹಾಗಾದ್ರೆ ನನಗೆ ಕಟ್ಟಿ. ನೀವು ಉಣ್ಣುವವರೆಗೆ ನಾನು ಬಾಯಿ ಮುಚ್ಚಿ ಕೂತುಕೊಳ್ತೇನೆ."

ಸಂಕಪ್ಪ ಶೆಟ್ಟರು ಬಾಯಿ ಮುಚ್ಚಿ ಕೂತದ್ದನ್ನು ಸನತ್‌ಕುಮಾರರು ಈ ಜನ್ಮದಲ್ಲಿ ಕಂಡಿರಲಿಲ್ಲ. "ಬೇಡ ಶೆಟ್ರೆ. ಇವತ್ತು ನಾನು ನಿಜವಾಗಿಯೂ ಉಪವಾಸ," ಎಂದರು. ಹೇಳುವಾಗ ಅವರಿಗೇ ಆಶ್ಚರ್ಯವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

"ನಿಮ್ಮಿಷ್ಟ ಮಾರಾಯ್ರೆ. ಆದ್ರೆ ಎಲೆಗೆ ಬಡಿಸಿದ್ದನ್ನು ಬಿಸಾಡ್ಲಿಕ್ಕೆ ಆಗುದಿಲ್ಲ. ನೀವು ಕೂತು ಮಾತಾಡಿ, ನಾನು ಉಣ್ತೇನೆ." ಶೆಟ್ಟರು ಅದೇ ಎಲೆಯ ಮುಂದೆ ಕೂತರು. ಉಣ್ಣುವವರು ಸುಮ್ಮನೆ ಉಣ್ಣಬೇಕಲ್ಲ. "ಇವತ್ತು ಗಸಿಗೆ ತೆಂಗಿನಕಾಯಿ ಸರಿಯಾಗಿ ಹುರಿದಿದ್ದಾರೆ ಸನತಣ್ಣ... ಈ ಗೋಳಿಬಜೆ ನೋಡಿ, ಹೊರಗೆ ಗರಿಗರಿ, ಒಳಗೆ ಹತ್ತಿ..." ಎಂದು ಪ್ರತಿ ತುತ್ತಿಗೂ ವರದಿ ಒಪ್ಪಿಸಿದರು.

ಸನತ್‌ಕುಮಾರರು ಕಣ್ಣು ಮುಚ್ಚಿ ನವಕಾರ ಮಂತ್ರ ಹೇಳತೊಡಗಿದರು. ಬಾಯಲ್ಲಿ ಒಸರುವ ನೀರಿಗೆ ಮಂತ್ರದ ಪರಿವೆಯಿರಲಿಲ್ಲ. ನುಂಗಿದರು, ನುಂಗಿದರು, ನುಂಗುತ್ತಲೇ ಹೋದರು. ಜೇಬು ಗಂಭೀರವಾಗಿ ಸಾರಿತು: "ಊಟ ಆರಂಭವಾಗಿದೆ."

ಅಷ್ಟೇ ಸಾಕಾಯಿತು. ಮೊಬೈಲು ಕುಣಿಯತೊಡಗಿತು. ಅದನ್ನು ಬಂದ್ ಮಾಡಲೆಂದು ಎಲ್ಲಿಯೋ ಒತ್ತಿದರೆ ಅದು ಪದ್ಮಲತಾ ಅವರ ವಿಡಿಯೋ ಕರೆ. ಪರದೆಯಲ್ಲಿ ಹೆಂಡತಿಯ ಮುಖ, ಅವರ ಹೆಗಲ ಹಿಂದೆ ಮಹಿಳಾ ಸಮಾಜ. ಆ ಕಡೆಯವರಿಗೆ ಕಂಡದ್ದು ಸನತ್‌ಕುಮಾರರ ಬೆವರಿದ ಮುಖ, ಅದರ ಕೆಳಗೆ ಅರ್ಧ ಖಾಲಿಯಾದ ಬಾಳೆಲೆ.

"ಇದು ಶೆಟ್ರ ಎಲೆ," ಎಂದರು ಸನತ್‌ಕುಮಾರರು.

ಸಾಕ್ಷಿ ಹೇಳಬೇಕಾದ ಶೆಟ್ಟರು ಆ ಗಳಿಗೆಯಲ್ಲೇ, ಹೆಂಗಸರ ಸ್ವರ ಕೇಳಿ ಹೆದರಿ, ಎಂಜಲು ಕೈಯಲ್ಲೇ ಅಡುಗೆಮನೆಗೆ ಓಡಿದ್ದರು.

"ನೀವು ಸೀದಾ ಬಸದಿಗೆ ಬನ್ನಿ," ಎಂದರು ಪದ್ಮಲತಾ. ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ವಾಪಸು ಬರುವ ದಾರಿಯಲ್ಲಿ ಸನತ್‌ಕುಮಾರರಿಗೆ ಅಳುವೇ ಬಂತು. ತಿಂದುಂಡು ಬಂದ ಹದಿಮೂರು ವರ್ಷವೂ ಮುಖದಲ್ಲಿ ಕಳೆ ಉಂಟೆಂದು ಹೊಗಳಿದರು. ಹೊಟ್ಟೆಗೆ ಏನೂ ಇಲ್ಲದೆ ಕಣ್ಣು ಕತ್ತಲೆ ಬರುವ ಈ ದಿನ ಕಳ್ಳನ ಪಟ್ಟ ಕಟ್ಟಿದರು. ಇಂಥ ಅನ್ಯಾಯ ಯಾರಿಗೂ ಆಗಬಾರದು ಎಂದು ಅವರು ಮನಸ್ಸಿನಲ್ಲೇ ಹಲುಬಿದರು.

ಬಸದಿಯ ಅಂಗಳದಲ್ಲಿ ಜನ ಸೇರಿದ್ದರು. ಶಾಲು, ಹಾರ ಇದ್ದ ಹರಿವಾಣವನ್ನು ಯಾರೋ ಕಂಬದ ಹಿಂದೆ ಸರಿಸಿಟ್ಟಿದ್ದರು. ಬಸದಿಯ ಪುರೋಹಿತರಾದ ಇಂದ್ರರು ನಿಟ್ಟುಸಿರು ಬಿಟ್ಟರು. "ಸನತ್‌ಕುಮಾರರೇ, ನೋಂಪಿ ನಡುವೆ ತಪ್ಪಿದ್ರೆ ಉದ್ಯಾಪನೆ ಮಾಡ್ಲಿಕ್ಕೆ ಬರುದಿಲ್ಲ. ಮತ್ತೆ ಮೊದಲಿಂದ ಹಿಡೀಬೇಕಾಗ್ತದೆ."

"ಇಂದ್ರರೇ, ದೇವರಾಣೆ ಒಂದು ಅಗುಳು ತಿನ್ಲಿಲ್ಲ ನಾನು."

ಪದ್ಮಲತಾ ತಲೆ ತಗ್ಗಿಸಿ ನಿಂತಿದ್ದರು. ಅದನ್ನು ನೋಡಲು ಸನತ್‌ಕುಮಾರರಿಗೆ ಹಸಿವಿಗಿಂತ ಹೆಚ್ಚು ಸಂಕಟವಾಯಿತು.

ಆಗ ಕಾಲೇಜಿನಿಂದ ಏದುಸಿರು ಬಿಡುತ್ತ ಅನಿಷಾ ಬಂದಳು, ತೋಳಲ್ಲಿ ಲ್ಯಾಪ್‌ಟಾಪು. "ಎಲ್ಲರೂ ಸ್ವಲ್ಪ ನಿಲ್ಲಿ. ಪಾಪ, ಮಾವನದ್ದು ತಪ್ಪಿಲ್ಲ. ತಪ್ಪು ನನ್ನ ಪಟ್ಟಿದ್ದು." ಕಟ್ಟೆಯ ಮೇಲೆ ಲ್ಯಾಪ್‌ಟಾಪು ಬಿಚ್ಚಿಟ್ಟು ತೋರಿಸಿದಳು. "ಊಟ ಮಾಡಿದ್ರೆ ನುಂಗುವ ಮೊದಲು ಅಗೀಬೇಕಲ್ಲ. ಅಗಿದ್ರೆ ದವಡೆಯ ಸ್ನಾಯುವಿಂದ ಈ ಗೆರೆಯಲ್ಲಿ ದೊಡ್ಡ ದೊಡ್ಡ ಗುಡ್ಡ ಏಳ್ಬೇಕು. ನೋಡಿ, ಬೆಳಿಗ್ಗೆಯಿಂದ ಒಂದು ಗುಡ್ಡ ಇಲ್ಲ. ಇದು ಬರೀ ಬಾಯಿನೀರು. ಪಟ್ಟಿಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ, ಅದನ್ನು ಊಟ ಅಂತ ತಿಳಿಯಿತು ಅಷ್ಟೆ."

ಅಂಗಳವಿಡೀ ಉಸಿರು ಬಿಟ್ಟಿತು. ಪದ್ಮಲತಾ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಹತ್ತಿರ ಬಂದು, "ನಾನು ಸುಮ್ಮನೆ ಸಂಶಯ ಪಟ್ಟೆ," ಎಂದರು. ಹರಿವಾಣ ಕಂಬದ ಹಿಂದಿನಿಂದ ಮುಂದೆ ಬಂತು. ಸನತ್‌ಕುಮಾರರು ಹಾರಕ್ಕೆಂದು ಕೊರಳು ಮುಂದೆ ಚಾಚಿದರು. ಸತ್ಯ ಇಷ್ಟು ಸುಖ ಕೊಡುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

"ಒಂದು ನಿಮಿಷ," ಎಂದರು ಸಮ್ಮೇದ್ ಮಾಸ್ಟ್ರು. "ಅಗಿದರೆ ಗುಡ್ಡ ಏಳ್ತದೆ ಅಂತ ನೀನು ಹೇಳ್ತಿ ಮಗೂ. ಎದ್ದದ್ದನ್ನು ನಾವು ನೋಡ್ಲಿಲ್ಲ. ಇವರೇ ಊಟ ಮಾಡಿದ ಒಂದು ದಿನದ್ದು ಉಂಟಾ? ಪಕ್ಕದಲ್ಲಿಟ್ಟು ನೋಡುವ."

"ಉಂಟು ಮಾಸ್ಟ್ರೆ," ಎಂದಳು ಅನಿಷಾ ಉತ್ಸಾಹದಿಂದ. "ಮೊನ್ನೆ ದ್ವಾದಶಿಯ ದಿನ, ಪಟ್ಟಿ ಕೊರಳಿಗೆ ಸರಿ ಕೂತುಕೊಳ್ತದಾ ಅಂತ ಮಾವನಿಗೆ ಹಾಕಿ ಅಂಗಡಿಗೆ ಕಳಿಸಿದ್ದೆ. ಮೊಬೈಲಿಗೆ ಜೋಡಿಸಿರ್ಲಿಲ್ಲ. ಆದ್ರೆ ಪಟ್ಟಿಯ ಒಳಗೆ ಎಲ್ಲ ಉಳೀತದೆ."

ಸನತ್‌ಕುಮಾರರು ಚಾಚಿದ ಕೊರಳನ್ನು ಹಿಂದಕ್ಕೆಳೆದುಕೊಂಡರು. ಬರೀ ಅಳತೆಗೆಂದು ಕಟ್ಟಿದ ಪಟ್ಟಿಗೂ ನೆನಪಿನ ಶಕ್ತಿ ಇರುತ್ತದೆಂದು ಯಾರು ಕಂಡಿದ್ದರು.

ಲ್ಯಾಪ್‌ಟಾಪಿನ ಮೇಲೆ ಗೆರೆ ಹರಿಯತೊಡಗಿತು. ಒಂದು ಗುಡ್ಡ. ಅದರ ಹಿಂದೆ ಮತ್ತೊಂದು. ಆಮೇಲೆ ಚಾರ್ಮಾಡಿ ಘಾಟಿಯೇ ಶುರುವಾಯಿತು.

"ನೋಡಿ ಮಾಸ್ಟ್ರೆ, ಎಷ್ಟು ಚಂದ ಬಂದಿದೆ," ಎಂದಳು ಅನಿಷಾ. ಅವಳ ಕಣ್ಣಿಗೆ ಗೆರೆಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. "ಇದು ಮಧ್ಯಾಹ್ನ ಮನೆಯಲ್ಲಿ ಮಾಡಿದ ಊಟ. ಇದು ಅದಕ್ಕಿಂತ ಮೊದಲು ಅಂಗಡಿಯಲ್ಲಿ, ಮೆತ್ತಗಿನದ್ದು, ಬನ್ಸ್ ಇರ್ಬೇಕು. ಇದು ನಾಲ್ಕು ಗಂಟೆಗೆ. ಇದು ಮತ್ತೆ ಐದಕ್ಕೆ. ಇದು ಯಾವುದೋ ಗಟ್ಟಿ ಪದಾರ್ಥ, ತುಂಬ ಹೊತ್ತು ಅಗಿದಿದ್ದೀರಿ. ಏನದು ಮಾವ?"

"ಚಕ್ಕುಲಿ," ಎಂದರು ಸನತ್‌ಕುಮಾರರು. ಇಡೀ ದಿನ ಸತ್ಯವನ್ನೇ ನಡೆಸಿಕೊಂಡು ಬಂದವರಿಗೆ ಸುಳ್ಳು ಥಟ್ಟನೆ ಬಾಯಿಗೆ ಬರಲಿಲ್ಲ.

ಸಮ್ಮೇದ್ ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ದ್ವಾದಶಿ ಒಪ್ಪೊತ್ತಿನ ದಿನ ಅಲ್ವಾ?" ಎಂದು ಯಾರನ್ನೂ ನಿರ್ದಿಷ್ಟವಾಗಿ ನೋಡದೆ ಕೇಳಿದರು.

ಹರಿವಾಣ ಮತ್ತೆ ಕಂಬದ ಹಿಂದೆ ಹೋಯಿತು. ಅನಿಷಾ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಪದ್ಮಲತಾ ಗಂಡನನ್ನು ನೋಡಿದರು, ಗೆರೆಯನ್ನು ನೋಡಿದರು, ಹದಿಮೂರು ವರ್ಷದ ಮುಖದ ಕಳೆಯ ಲೆಕ್ಕವನ್ನೆಲ್ಲ ನಿಂತಲ್ಲೇ ಮಾಡಿ ಮುಗಿಸಿದರು. ಸನತ್‌ಕುಮಾರರಿಗೆ ಕಾಲಡಿಯ ಕಲ್ಲುಚಪ್ಪಡಿ ಸರಿದು ಜಾಗ ಕೊಟ್ಟರೆ ಸಾಕೆನಿಸಿತು.

ಇಂದ್ರರು ಕರುಣೆಯ ಮನುಷ್ಯ. ಬೆರಳು ಮಡಚಿ ಎಣಿಸಿ ಹೇಳಿದರು: "ಇವತ್ತಿನ ಉಪವಾಸ ಮಾತ್ರ ಶುದ್ಧ. ಅದಕ್ಕೆ ಯಂತ್ರದ್ದೇ ಸಾಕ್ಷಿ ಉಂಟು. ಇದನ್ನೇ ಮೊದಲನೇ ವರ್ಷ ಅಂತ ಹಿಡಿಯುವ. ಇನ್ನು ಹದಿಮೂರು."

ಸನತ್‌ಕುಮಾರರು ಹೂಂ ಎಂದು, ಕೊರಳ ಪಟ್ಟಿ ಬಿಚ್ಚಲು ಕೈ ಹಿಂದಕ್ಕೆ ಒಯ್ದರು. ಪದ್ಮಲತಾ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ಆಮೇಲೆ ಅಣ್ಣನ ಮಗಳ ಕಡೆ ತಿರುಗಿ ಕೇಳಿದರು:

"ಅನಿಷಾ, ಇದು ಹದಿಮೂರು ವರ್ಷ ಬಾಳಿಕೆ ಬರ್ತದಾ?"

"ಬ್ಯಾಟರಿ ಬದಲಾಯಿಸಿದ್ರೆ ಬರ್ತದೆ ಅತ್ತೆ," ಎಂದಳು ಅನಿಷಾ.