ಮೂರನೇ ಭಾಗವೇ ಮೇಲು

ಮನೆಯಲ್ಲಿ ಟೀವಿ ಒಂದೇ, ಅದರ ಕೆಳಗಿನ ಗೂಡೂ ಒಂದೇ. ಆ ಗೂಡಿನಲ್ಲಿ ಇಪ್ಪತ್ತೈದು ವರ್ಷದಿಂದ ಗಡಿಯಾರ ರಿಪೇರಿಯವನ ಹಳೇ ವೀಡಿಯೊ ಗೇಮ್ ಪೆಟ್ಟಿಗೆ ಪಟ್ಟಾಗಿ ಕೂತಿತ್ತು. ಭಾನುವಾರ ಬೆಳಿಗ್ಗೆ ಅವನ ಬಾಮೈದ ಅಕ್ಕನ ಮನೆಗೆಂದು ಹೊಸ ಪೆಟ್ಟಿಗೆಯೊಂದನ್ನು ಉಡುಗೊರೆ ತಂದ. ಎರಡರಲ್ಲೂ ಒಂದೇ ಸರಣಿಯ ಆಟ. ಹಳೆಯದರಲ್ಲಿ ಮೂರನೇ ಭಾಗ, ಹೊಸದರಲ್ಲಿ ಒಂಬತ್ತನೆಯದು. ಹಳೆಯದು ಗುಜರಿಗೆ ಹೋಗಲಿ ಎಂದು ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು.

ಗಡಿಯಾರದವನಿಗೆ ಮೈಯೆಲ್ಲ ಉರಿದುಹೋಯಿತು. ಮೂರನೇ ಭಾಗವೆಂದರೆ ಸಾಮಾನ್ಯವೇ? ನಕ್ಷೆಯಿಲ್ಲ, ದಾರಿ ತೋರಿಸುವ ಬಾಣವಿಲ್ಲ, ಆಟದೊಳಗಿನ ರಾಜಕುಮಾರ ಗುಹೆಯಲ್ಲಿ ಸತ್ತರೆ ಮತ್ತೆ ಊರಬಾಗಿಲಿಂದಲೇ ಶುರು. ಆಮೇಲೆ ಬಂದ ಭಾಗಗಳೆಲ್ಲ ಹಾಲು ಕುಡಿಯುವ ಮಕ್ಕಳಿಗೆ ಎಂದು ಕಂಡಕಂಡವರಿಗೆಲ್ಲ ಸಾರಿದ್ದವನು ಅವನು. ಅವುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಅಷ್ಟು ತಿಳಿದವನಿಗೆ ಆಡಿ ನೋಡುವ ಅಗತ್ಯವಾದರೂ ಏನು?

ಗಲಾಟೆ ಕೇಳಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಬಂದರು. ಕರೆಯದೆ ಬಂದವರು ನೇರವಾಗಿ ನ್ಯಾಯಾಧೀಶರೇ ಆದರು. ಒಬ್ಬರ ಆಟವನ್ನು ಇನ್ನೊಬ್ಬರು ಒಂದೊಂದು ಗಂಟೆ ಆಡಬೇಕು, ಗೆದ್ದ ಪೆಟ್ಟಿಗೆ ಉಳಿಯಬೇಕು, ಸೋತದ್ದು ಮನೆ ಬಿಡಬೇಕು ಎಂದು ತೀರ್ಮಾನ ಕೊಟ್ಟರು.

ಗಡಿಯಾರದವನು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಂಬತ್ತನೇ ಭಾಗಕ್ಕೆ ಕೂತ. ಬಾಣ ತೋರಿದ ದಾರಿ ಹಿಡಿದು ಐದೇ ನಿಮಿಷದಲ್ಲಿ ಬೆಟ್ಟದ ತುದಿಯಲ್ಲಿದ್ದ. ಕೆಳಗೆ ನದಿ, ಕಾಡು, ಹಾರುವ ಹಕ್ಕಿ. ಎದೆ ಝುಮ್ಮೆಂದಿತು. "ಬರೀ ಬಣ್ಣ" ಎಂದ. ನದಿಗೆ ಗಾಳ ಹಾಕಿದ. "ಮೀನು ಹಿಡಿಯೋಕೆ ರಾಜಕುಮಾರನೇ ಬೇಕಾ?" ಎಂದು ಗೊಣಗುತ್ತಲೇ ಹನ್ನೊಂದು ಮೀನು ಹಿಡಿದ. ಸತ್ತರೆ ಸತ್ತಲ್ಲೇ ಎದ್ದು ನಿಲ್ಲಬಹುದಿತ್ತು. ಇಂಥ ಸುಖವನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ. ಗಂಟೆ ಮುಗಿದಾಗ, ಬೈಯುವುದು ಇನ್ನೂ ಬಾಕಿಯಿದೆ, ಇನ್ನೈದು ನಿಮಿಷ ಕೊಡಿ ಎಂದು ಅಂಗಲಾಚಿದ.

ಆಮೇಲೆ ಬಾಮೈದ ಮೂರನೇ ಭಾಗಕ್ಕೆ ಕೂತ. ಕಗ್ಗತ್ತಲ ಗುಹೆಯಲ್ಲಿ ಕಾಲು ಗಂಟೆ ಸುತ್ತಿ ಹೊಕ್ಕ ಬಾಗಿಲಿಗೇ ಬಂದು ನಿಂತ. ಬಾವಲಿ ಕಚ್ಚಿ ಸತ್ತ. ಹಳೇ ಪೆಟ್ಟಿಗೆ ಸೋಲಲಪ್ಪಾ ಎಂದು ಗಡಿಯಾರದವನು ಒಳಗೊಳಗೇ ಬೇಡಿಕೊಂಡ. ಸೋಲುವ ಲಕ್ಷಣವೂ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಮಾಸ್ತರರು ಕುರ್ಚಿ ಬಿಟ್ಟೆದ್ದು ಎಡಕ್ಕೆ ತಿರುಗು ಎಂದರು. ಹೆಂಡತಿ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಗುಹೆಯ ನಕ್ಷೆ ಬರೆಯತೊಡಗಿದಳು. ಮೂವರೂ ಸೇರಿ ಐದು ಸಲ ಸತ್ತು, ಆರನೇ ಸಲ ಆಚೆ ಬಿದ್ದಾಗ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದೊಂದು ಬಾಕಿ.

"ಒಪ್ಕೊಂಡೆ, ಗೆದ್ದಿದ್ದು ಹಳೇದೇ. ಹೊಸದನ್ನ ನೀವು ಬೈದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ" ಎಂದು ಮಾಸ್ತರರು ತೀರ್ಪಿತ್ತರು.

ಗಡಿಯಾರದವನು ಹೊಸ ಪೆಟ್ಟಿಗೆಗೆ ಕೈ ಅಡ್ಡ ಹಿಡಿದ. ತಂದ ಉಡುಗೊರೆ ವಾಪಸು ಕಳಿಸಿದರೆ ಚೆನ್ನಾಗಿರುವುದಿಲ್ಲ, ಮಂಚದ ಕೆಳಗಾದರೂ ಬಿದ್ದಿರಲಿ ಎಂದು ತೊದಲಿದ. ಬಾಮೈದ ವೈರು ಸುತ್ತಿಟ್ಟುಕೊಂಡ. "ಬೇಡ ಭಾವ. ನಿಮಗೆ ಇಷ್ಟು ಹಿಂಸೆ ಕೊಡೋ ವಸ್ತು ಈ ಮನೇಲಿ ಇರಬಾರದು."

ಹೊಸ ಪೆಟ್ಟಿಗೆ ಹೊಸ್ತಿಲು ದಾಟಿತು. ಹೋಗಲಿ, ಇರುವುದನ್ನಾದರೂ ಆಡೋಣವೆಂದು ಗಡಿಯಾರದವನು ಹಳೇ ಪೆಟ್ಟಿಗೆಯತ್ತ ಕೈ ಚಾಚಿದ. ಮಾಸ್ತರರ ಜೊತೆ ಆಟ ಮುಂದುವರಿಸಿದ್ದ ಹೆಂಡತಿ ಟೀವಿಯಿಂದ ಕಣ್ಣು ಕೀಳಲಿಲ್ಲ.

"ನೀವು ಯಾವಾಗಲೋ ಆಡಿ ಮುಗಿಸಿದ್ದೀರಲ್ಲ, ಸುಮ್ನೆ ಕೂತ್ಕೊಳ್ಳಿ. ನಾವಿನ್ನೂ ಎರಡನೇ ಗುಹೇಲಿದ್ದೀವಿ."

ಎರಡನೇ ಗುಹೆಯೆಂಬುದೊಂದು ಇದೆಯೆಂದು ಗಡಿಯಾರದವನಿಗೆ ಗೊತ್ತಾದದ್ದೇ ಆಗ.