ಶ್ರಾವಣ ಸೋಮವಾರ, ಆಡಿನ ಕಣ್ಣು

ಶಿವನ ಹೆಸರು ಹೇಳಿಕೊಂಡು ತೆಪ್ಪಗೆ ದುಡಿಯುವ ಮನುಷ್ಯ ನಾನು. ಆದರೂ ಇಂಥವೆಲ್ಲ ನನ್ನ ಪಾಲಿಗೇ ಯಾಕೆ ಬರುತ್ತವೋ, ಅವನೇ ಬಲ್ಲ.

ಮರಾಠಿ ಸೀಮೆಯ ಭೋಸರಿಯಲ್ಲಿ ಸಣ್ಣ ಕಾರ್ಖಾನೆ ನಮ್ಮದು. ಲೇಸರಿನಿಂದ ಚಷ್ಮಾ ಬಿಡಿಸುವ ಆಪರೇಷನ್ನಿಗೆ ಸಲಕರಣೆ ಮಾಡುತ್ತೇವೆ. ಕಣ್ಣಿನ ಮೇಲ್ಪದರ ಎತ್ತುವ ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಹೋದ ಸಲ ಡಾಕ್ಟರು ಪರೀಕ್ಷಿಸಿದಾಗ ಪದರ ಹರಿದಿತ್ತು. ಈ ಸಲವೂ ಹರಿದರೆ ನಮ್ಮ ವಿಭಾಗವೇ ಬಂದ್ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಪರೀಕ್ಷೆ ನಡೆಯುವುದು ಆಡಿನ ಕಣ್ಣಿನ ಮೇಲೆ. ಅದನ್ನು ತರುವವನು ಅಂದು ರಜೆ. ಉಳಿದವನು ನಾನು.

೧. ಮಟನ್ ಅಂಗಡಿ

ಶ್ರಾವಣ ಸೋಮವಾರ, ಉಪವಾಸ ಬೇರೆ. ಹಣೆ ತುಂಬ ವಿಭೂತಿ ಧರಿಸಿ ಮಟನ್ ಅಂಗಡಿಯ ಮುಂದೆ ನಿಂತೆ. ಅಂಗಡಿಯವನು ಕತ್ತಿ ಕೆಳಗಿಟ್ಟು ಕೈಮುಗಿದ.

“ಮಹಾರಾಜ, ಗುಡಿ ಆ ಕಡೆ,” ಎಂದು ಮರಾಠಿಯಲ್ಲಿ ದಾರಿ ತೋರಿಸಿದ.

“ಗುಡಿಯಲ್ಲಪ್ಪ, ಆಡಿನ ಕಣ್ಣು ಬೇಕು. ಆರು.”

“ಬರೀ ಕಣ್ಣು?”

“ಬರೀ ಕಣ್ಣು. ತಾಜಾ ಇರಲಿ.”

ಅವನು ನನ್ನ ವಿಭೂತಿ ನೋಡಿದ, ಅತ್ತಿತ್ತ ನೋಡಿದ, ದನಿ ತಗ್ಗಿಸಿದ: “ಮಾಟಕ್ಕಾದರೆ ರೊಕ್ಕ ಬೇಡ ಮಹಾರಾಜ. ಎದುರಿನ ಅಂಗಡಿಯವನಿಗೂ ಒಂದು ಮಾಡಿಬಿಡಿ.”

೨. ಡಬ್ಬಿ

ಸ್ಟೀಲ್ ಡಬ್ಬಿಯನ್ನು ಎದೆಗೊತ್ತಿಕೊಂಡು ಬರುತ್ತಿದ್ದರೆ ನಮ್ಮ ಭಜನಾ ಮಂಡಳಿಯ ಅಕ್ಕನೊಬ್ಬರು ಅಡ್ಡ ನಿಂತರು.

“ಗುಡಿಯಿಂದ ಬಂದ್ರೇನ್ರಿ ಅಣ್ಣಾರ? ಡಬ್ಬ್ಯಾಗ ಪ್ರಸಾದ ಏನು?”

ಶ್ರಾವಣದಲ್ಲಿ ಸುಳ್ಳು ಹೇಳುವಂತಿಲ್ಲ. ಹೌದೆಂದರೆ ಕೈ ಚಾಚುತ್ತಾರೆ. ಇಲ್ಲವೆಂದರೆ ಮುಚ್ಚಳ ತೆಗೆಸುತ್ತಾರೆ.

“ಡಾಕ್ಟರಿಗೆ ಒಯ್ಲಕತ್ತೀನ್ರಿ ಅಕ್ಕಾರ. ನನ್ನ ನೌಕರಿ ಇದರ ಮ್ಯಾಲ ನಿಂತದ.”

“ಹಂಗಾರ ಭಾಳ ಶಕ್ತಿ ಇರೋ ಪ್ರಸಾದ ಬಿಡ್ರಿ! ನಮಗ ತಿನ್ಲಾಕ ಬ್ಯಾಡ, ನಮಸ್ಕಾರ ಮಾಡ್ತೀನಿ,” ಎಂದವರೇ ಡಬ್ಬಿಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.

ಕಣ್ಣಿಗೂ ಕಣ್ಣಿಗೂ ನಡುವೆ ಇದ್ದದ್ದು ಸ್ಟೀಲಿನ ಮುಚ್ಚಳ ಒಂದೇ.

೩. ಪರೀಕ್ಷೆ

ಡಾಕ್ಟರು ಮೈಸೂರು ಕಡೆಯವರು. ಒಂದು ಕಣ್ಣನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಮೈಕ್ರೋಸ್ಕೋಪಿಗೆ ಬಾಗಿ ಪದರ ಕೊಯ್ದರು. ನಮ್ಮ ಕಡ್ಡಿ ಅದರ ಕೆಳಗೆ ಹೋಯಿತು. ಮಾಲೀಕರು ಕುರ್ಚಿ ಬಿಟ್ಟು ಎದ್ದು ನಿಂತರು. ನಾನು ಒಳಗೊಳಗೇ ಪಂಚಾಕ್ಷರಿ ಜಪಿಸುತ್ತಿದ್ದೆ.

ದಿನಾ ರೋಗಿಗಳಿಗೆ ಹೇಳಿ ಹೇಳಿ ರೂಢಿಯಾಗಿತ್ತೋ ಏನೋ, ಡಾಕ್ಟರು ಮೆತ್ತಗೆ ಅಂದರು: “ಹಸಿರು ದೀಪಾನೇ ನೋಡ್ತಾ ಇರಿ. ಅಲ್ಲಾಡ್ಬೇಡಿ. ತುಂಬಾ ಚೆನ್ನಾಗಿ ಸಹಕರಿಸ್ತಾ ಇದೀರಿ.”

ನಗುವ ಧೈರ್ಯ ಯಾರಿಗಿತ್ತು? ಕಡ್ಡಿ ಪದರದ ಅಂಚಿಗೆ ಬಂದಿತ್ತು. ಹೋದ ಸಲ ಹರಿದದ್ದು ಅಲ್ಲೇ. ಡಾಕ್ಟರು ಕೈ ನಿಲ್ಲಿಸಿ ಕೇಳಿದರು: “ನೋವಾಗ್ತಿದೆಯಾ?”

ಗಾಬರಿಯಲ್ಲಿ ನನ್ನ ಬಾಯಿಂದ ಹೊರಬಿತ್ತು: “ಇಲ್ರಿ ಸಾಹೇಬ್ರ, ಆರಾಮ ಅದ!”

ಕಡ್ಡಿ ಮೆಲ್ಲಗೆ ಸರಿಯಿತು. ಪದರ ಇಡಿಯಾಗಿ ಎದ್ದಿತು. “ಪಾಸ್,” ಎಂದರು ಡಾಕ್ಟರು. ಮಾಲೀಕರು ಕುರ್ಚಿಯಲ್ಲಿ ಕುಸಿದರು.

ಕೈಗವಸು ಕಳಚುತ್ತ ಡಾಕ್ಟರು ನನ್ನ ಕಡೆ ತಿರುಗಿದರು:

“ನೀವು ಪೇಷಂಟ್ ಕಡೆಯವರಾ?”